ಬಡೇಸೋಪಿನ ಬಿಸ್ಕತ್ತು: ಸಿಹಿ ಇರುವುದು ಎಲ್ಲಿ?

ಹಿಟ್ನಾಳದಿಂದ ದಕ್ಷಿಣಕ್ಕೆ ಹೊರಟರೆ ಹುಲಿಗಿ, ಮುನಿರಾಬಾದ್, ತುಂಗಭದ್ರಾ ಜಲಾಶಯ. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆಯ ಕೆಳಗೆ ಗಂಗಾವತಿಯ ಭತ್ತದ ಗದ್ದೆಗಳು. ಅದೇ ಹಿಟ್ನಾಳದಿಂದ ಉತ್ತರಕ್ಕೆ, ಕುಷ್ಟಗಿ ಯಲಬುರ್ಗಾ ಕಡೆಗೆ ಮುಖ ಮಾಡಿದರೆ ಮಳೆಯನ್ನೇ ನಂಬಿದ ಹೊಲಗಳು: ಸಜ್ಜೆ, ಜೋಳ, ಶೇಂಗಾ, ಎಳ್ಳು, ಕಡಲೆ. ನೀರು ಹರಿದ ಕಡೆ ಪಿಷ್ಟ ತುಂಬಿದ ಅಕ್ಕಿ, ಹರಿಯದ ಕಡೆ ಎಣ್ಣೆ ತುಂಬಿದ ಕಾಳು. ಬಿಸ್ಕತ್ತಿನ ಬಗ್ಗೆ ಹೇಳುವಾಗ ಈ ಭೂಗೋಳ ಯಾಕೆ ಬೇಕು ಎಂದರೆ, ‘ಕಡಿಮೆ ಕಾರ್ಬ್’, ಅಂದರೆ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಬಿಸ್ಕತ್ತು ಮಾಡಲು ಹೊರಟವರಿಗೆ ಸಿಗುವ ಹೆಚ್ಚಿನ ಪಾಕವಿಧಾನಗಳು ಬಾದಾಮಿ ಹಿಟ್ಟನ್ನೂ ಆಮದು ಸಿಹಿಕಾರಕಗಳನ್ನೂ ಕೇಳುತ್ತವೆ. ಬೇಕಾದದ್ದರಲ್ಲಿ ಬಹುಪಾಲು ಕೊಪ್ಪಳ ಜಿಲ್ಲೆಯ ಬೆದ್ದಲು ಹೊಲದಲ್ಲೇ ಬೆಳೆಯುತ್ತದೆ. ಹೊರಗಿನಿಂದ ಬರಬೇಕಾದದ್ದು ಮುಖ್ಯವಾಗಿ ಒಂದೇ, ಬಡೇಸೋಪು (ಸೋಂಪು). ಅದು ಗುಜರಾತ್, ರಾಜಸ್ಥಾನಗಳ ಚಳಿಗಾಲದ ಬೆಳೆ. ಗುಜರಾತಿನ ಉಂಝಾ ಅದರ ದೊಡ್ಡ ಮಾರುಕಟ್ಟೆ. ಊಟ ಮುಗಿಸಿ ಕೈ ತೊಳೆದು ಬಂದವರಿಗೆ ಖಾನಾವಳಿಯ ಗಲ್ಲೆಯ ಮೇಲೆ ಸಕ್ಕರೆಯ ಜೊತೆ ಬಟ್ಟಲಲ್ಲಿ ಕಾಯುವ ಕಾಳು ಅದೇ.

ಯುರೋಪಿನ ಬಿಸ್ಕತ್ತುಗಳಲ್ಲಿ ಬೀಳುವುದು ಇದರ ಸೋದರ ಸಂಬಂಧಿ, ಸಣ್ಣ ಸೋಂಪು. ಗಾತ್ರದಲ್ಲಿ ಕಿರಿದು, ಬಣ್ಣದಲ್ಲಿ ಬೂದು, ಮೈಮೇಲೆ ನವಿರು. ನಮ್ಮ ಕಿರಾಣಿ ಅಂಗಡಿಗಳಲ್ಲಿ ಅದು ಅಪರೂಪ. ಎರಡೂ ಜೀರಿಗೆ, ಕೊತ್ತಂಬರಿ, ಅಜವಾನ, ಸಬ್ಬಸಿಗೆ, ಗಜ್ಜರಿಗಳ ಕುಟುಂಬಕ್ಕೆ ಸೇರಿದವು. ನಾವು ಕಾಳು ಎನ್ನುವುದು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೀಜವಲ್ಲ, ಒಣಗಿದ ಹಣ್ಣು. ಅದರ ಮೈಮೇಲೆ ಉದ್ದಕ್ಕೆ ಏರುಗೆರೆಗಳಿವೆ. ಆ ಗೆರೆಗಳ ನಡುವೆ, ಸಿಪ್ಪೆಯ ಒಳಗೆ ಕೂದಲಿನಷ್ಟು ಸಣ್ಣ ಎಣ್ಣೆ ನಾಳಗಳಿವೆ. ಪರಿಮಳವೆಲ್ಲ ಅಲ್ಲಿದೆ. ಇಡೀ ಕಾಳನ್ನು ಹಿಟ್ಟಿಗೆ ಹಾಕಿದರೆ ಕಚ್ಚಿದಲ್ಲಿ ಮಾತ್ರ ವಾಸನೆ, ಕುಟ್ಟಿ ಹಾಕಿದರೆ ಬಿಸ್ಕತ್ತಿನ ತುಂಬ ವಾಸನೆ, ಏಕೆಂದರೆ ಕುಟ್ಟುವಾಗ ಆ ನಾಳಗಳು ಒಡೆಯುತ್ತವೆ.

ಆ ಎಣ್ಣೆಯ ಮುಖ್ಯ ಅಣುವಿನ ಹೆಸರು ಅನೆಥೋಲ್. ಹತ್ತು ಇಂಗಾಲ, ಹನ್ನೆರಡು ಜಲಜನಕ, ಒಂದು ಆಮ್ಲಜನಕ. ಗಿಡ ಇದನ್ನು ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲದಿಂದ ಕಟ್ಟುತ್ತದೆ. ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ಹುಟ್ಟುವುದೂ ಅದೇ ಮೂಲದಿಂದ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಕೂಡ ಅದೇ ದಾರಿಯಲ್ಲಿ ತಯಾರಾಗುತ್ತದೆ. ನಮ್ಮ ಮಸಾಲೆ ಡಬ್ಬಿಯ ಹಲವು ಪರಿಮಳಗಳು ಕಟ್ಟಿಗೆಯ ನೆಂಟರು ಎಂದು ತಿಳಿದಾಗ ನನಗೆ ಆದ ಸಂತೋಷ ಇನ್ನೂ ಆರಿಲ್ಲ.

ಇನ್ನೂ ಬೆರಗಿನ ಸಂಗತಿ ಚಕ್ರಮೊಗ್ಗಿನದು. ಬಿರಿಯಾನಿಗೆ ಹಾಕುವ ಎಂಟು ದಳದ ಆ ಮರದ ಕಾಯಿಗೂ ಬಡೇಸೋಪಿಗೂ ಹತ್ತಿರದ ಸಂಬಂಧವಿಲ್ಲ. ಹೂ ಬಿಡುವ ಸಸ್ಯಗಳ ವಂಶದಲ್ಲಿ ಇವೆರಡರ ಕವಲುಗಳು ಹತ್ತು ಕೋಟಿ ವರ್ಷಗಳಿಗೂ ಹಿಂದೆಯೇ ಬೇರೆಯಾದವು. ಆದರೂ ಚಕ್ರಮೊಗ್ಗಿನ ಎಣ್ಣೆಯಲ್ಲೂ ತುಂಬಿರುವುದು ಅನೆಥೋಲೇ. ದೂರ ದೂರದ ಎರಡು ಕುಟುಂಬಗಳು ಒಂದೇ ಅಣುವಿಗೆ ತಾವಾಗಿಯೇ ತಲುಪಿವೆ. ಹಾಗಾಗಿ ಬಡೇಸೋಪು ಮನೆಯಲ್ಲಿ ಮುಗಿದಿದ್ದರೆ ಚಕ್ರಮೊಗ್ಗಿನ ಪುಡಿ ನಡೆಯುತ್ತದೆ. ಅದರಲ್ಲಿ ಎಣ್ಣೆಯ ಪ್ರಮಾಣ ಹೆಚ್ಚು, ಆದ್ದರಿಂದ ಅಳತೆ ಅರ್ಧಕ್ಕಿಂತ ಕಡಿಮೆ ಸಾಕು. ಒಂದು ಎಚ್ಚರಿಕೆ ಮಾತ್ರ ಇರಲಿ. ಇದನ್ನೇ ಹೋಲುವ ಜಪಾನಿ ಜಾತಿಯೊಂದು ವಿಷ, ಅದರಲ್ಲಿ ಅನಿಸಾಟಿನ್ ಎಂಬ ನರವಿಷವಿದೆ. ಎರಡೂ ಬೆರೆಯುವ ಅಪಾಯದಿಂದಾಗಿ 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಚಕ್ರಮೊಗ್ಗಿನ ಚಹಾ ಕುಡಿಯಬೇಡಿ, ಮಕ್ಕಳಿಗೆ ಕೊಡಬೇಡಿ ಎಂದು ಎಚ್ಚರಿಸಿತ್ತು. ನಂಬಿಕೆಯ ಅಂಗಡಿಯಿಂದ ತಂದದ್ದನ್ನೇ ಬಳಸಬೇಕು, ಕೂಸುಗಳಿಗೆ ಅದರ ಕಷಾಯ ಕುಡಿಸಬಾರದು.

ಅನೆಥೋಲ್ ಕರಗುವ ಬಿಂದು ಸುಮಾರು 21 ಡಿಗ್ರಿ ಸೆಲ್ಸಿಯಸ್. ಕೊಪ್ಪಳದ ಏಪ್ರಿಲ್ ಬಿಸಿಲಿನಲ್ಲಿ ಅದು ಸದಾ ದ್ರವ. ಡಿಸೆಂಬರ್ ಮುಂಜಾನೆಯ ಚಳಿಗೆ ಸಣ್ಣ ಸೋಂಪಿನ ಎಣ್ಣೆಯ ಸೀಸೆ ಹೆಪ್ಪುಗಟ್ಟಿದರೆ ಎಣ್ಣೆ ಕೆಟ್ಟಿದೆ ಎಂದು ಚೆಲ್ಲಬೇಕಾಗಿಲ್ಲ, ಅಂಗೈಯಲ್ಲಿ ಹಿಡಿದರೆ ಕರಗುತ್ತದೆ. ಕುದಿಯುವ ಬಿಂದು 234 ಡಿಗ್ರಿ. ಬಿಸ್ಕತ್ತು ಬೇಯುವುದು 160-170ರಲ್ಲಿ. ಹಾಗಾದರೆ ಬೇಯಿಸುವಾಗ ಪರಿಮಳ ಹಾರಿ ಮನೆ ತುಂಬುವುದು ಹೇಗೆ? ಹಿಟ್ಟಿನಲ್ಲಿರುವ ನೀರು ಹಬೆಯಾಗಿ ಹೊರಡುವಾಗ ಅನೆಥೋಲಿನ ಒಂದಷ್ಟು ಭಾಗವನ್ನು ಜೊತೆಗೆ ಎಳೆದೊಯ್ಯುತ್ತದೆ. ಕಾಳುಗಳಿಂದ ಸುಗಂಧ ತೈಲ ತೆಗೆಯುವ ಕಾರ್ಖಾನೆಗಳು ನೆಚ್ಚಿಕೊಂಡಿರುವುದೂ ಇದೇ ಹಬೆ ಬಟ್ಟಿಯನ್ನು.

ಹಾರಿಹೋಗದಂತೆ ಹಿಡಿದಿಡುವುದು ತುಪ್ಪದ ಕೆಲಸ. ನೀರಿಗೂ ಎಣ್ಣೆಗೂ ನಡುವೆ ಬಿಟ್ಟರೆ ಅನೆಥೋಲ್ ಸಾವಿರ ಪಟ್ಟಿಗೂ ಹೆಚ್ಚಾಗಿ ಎಣ್ಣೆಯ ಕಡೆ ಸೇರುತ್ತದೆ. ಅದಕ್ಕೇ ಬಡೇಸೋಪಿನ ಪುಡಿಯನ್ನು ಒಣಹಿಟ್ಟಿಗೆ ಬೆರೆಸುವ ಬದಲು, ಕೈಗೆ ಸುಡದಷ್ಟು ಬೆಚ್ಚಗಿನ ತುಪ್ಪಕ್ಕೆ ಹಾಕಿ ರಾತ್ರಿಯಿಡೀ ಬಿಡಬೇಕು. ಇದರಿಂದ ಬರುವ ವ್ಯತ್ಯಾಸ ಸಣ್ಣದಲ್ಲ. ಕುಟ್ಟಿದ್ದು ಅಂದೇ ಆಗಿರಬೇಕು. ಪೇಟೆಯ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಕೂತ ಪುಡಿಗೆ ಹೊಟ್ಟಿನ ವಾಸನೆ ಉಳಿದಿರುತ್ತದೆ ಅಷ್ಟೆ. ಕೊಳ್ಳುವಾಗ ಹಸಿರು ಬಣ್ಣ ನೋಡಿ ಮೋಸಹೋಗದೆ ನಾಲ್ಕು ಕಾಳನ್ನು ಅಂಗೈಯಲ್ಲಿ ಉಜ್ಜಿ ಮೂಸಬೇಕು. ಬಡೇಸೋಪಿನಲ್ಲಿ ಫೆಂಕೋನ್ ಎಂಬ ಇನ್ನೊಂದು ಅಣುವೂ ಇದೆ, ಕರ್ಪೂರದಂತೆ ಕಟುವಾಗಿ, ತುಸು ಕಹಿಯಾಗಿ. ಸಣ್ಣ ಸೋಂಪಿಗೂ ಬಡೇಸೋಪಿಗೂ ನಾಲಗೆ ಕಾಣುವ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅದು.

ಈಗ ಸಿಹಿಯ ಪ್ರಶ್ನೆಗೆ ಬರೋಣ. ಅನೆಥೋಲ್ ಸಕ್ಕರೆಗಿಂತ ಸುಮಾರು 13 ಪಟ್ಟು ಸಿಹಿ ಎಂದು ಪುಸ್ತಕಗಳು ಹೇಳುತ್ತವೆ. ಅದು ನಿಜ. ಅದನ್ನು ಓದಿದವರು ‘ಹಾಗಾದರೆ ಸಕ್ಕರೆ ಬಿಟ್ಟು ಸೋಂಪನ್ನೇ ಹಾಕಿದರಾಯಿತು’ ಎಂದುಕೊಳ್ಳುವುದೂ ಸಹಜ. ಲೆಕ್ಕ ಹಾಕಿ ನೋಡಬೇಕು. ಮೂವತ್ತು ಬಿಸ್ಕತ್ತಿಗೆ ಎರಡು ಚಮಚ, ಅಂದರೆ ಸುಮಾರು 5 ಗ್ರಾಂ ಬಡೇಸೋಪು. ಅದರಲ್ಲಿ ಸುಗಂಧ ತೈಲ ನೂರಕ್ಕೆ ಮೂರು ಭಾಗ ಎಂದಿಟ್ಟುಕೊಂಡರೆ 0.15 ಗ್ರಾಂ. ಅದರ ಮುಕ್ಕಾಲು ಪಾಲು ಅನೆಥೋಲ್ ಎಂದರೂ 0.11 ಗ್ರಾಂ. ಹದಿಮೂರರಿಂದ ಗುಣಿಸಿದರೆ ಒಂದೂವರೆ ಗ್ರಾಂ ಸಕ್ಕರೆಯಷ್ಟು ಸಿಹಿ. ಹಿಟ್ಟಿಗೆ ಬೀಳುವ ಸಕ್ಕರೆಯಾದರೋ 90 ಗ್ರಾಂ! ಸಾಲದ್ದಕ್ಕೆ ಅನೆಥೋಲ್ ಎಂಜಲಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ನಾಲಗೆಯ ಮಟ್ಟಿಗೆ ಸೋಂಪಿನ ಸಿಹಿ ಇದ್ದೂ ಇಲ್ಲದಷ್ಟು.

ಆದರೂ ಬಡೇಸೋಪು ಹಾಕಿದ ಬಿಸ್ಕತ್ತಿನಲ್ಲಿ ಸಕ್ಕರೆ ತಗ್ಗಿಸಿದರೆ ತಿನ್ನುವವರಿಗೆ ಕೊರತೆ ಕಾಣುವುದಿಲ್ಲ. ಇದನ್ನು ಯಾರು ಬೇಕಾದರೂ ಈಗಲೇ ಪರೀಕ್ಷಿಸಬಹುದು. ಮೂಗನ್ನು ಬಿಗಿಯಾಗಿ ಹಿಡಿದು ನಾಲ್ಕು ಕಾಳು ಬಡೇಸೋಪು ಅಗಿಯಿರಿ. ನಾರು, ಹೊಟ್ಟು, ಎಲ್ಲೋ ದೂರದಲ್ಲಿ ಒಂದಿಷ್ಟು ಸಿಹಿ. ಮೂಗು ಬಿಟ್ಟು ಉಸಿರು ಹೊರಗೆ ಹಾಕಿದ ಕೂಡಲೆ ಬಾಯಿತುಂಬ ಸಿಹಿಯಾದಂತೆ ಅನಿಸುತ್ತದೆ. ನಾಲಗೆಯ ಮೇಲೆ ಹೊಸದೇನೂ ಬಿದ್ದಿಲ್ಲ. ಬಾಯ ಹಿಂಬದಿಯಿಂದ ಮೂಗಿಗೆ ಏರಿದ ಆವಿ ಮಾತ್ರ ಹೊಸದು. ಆ ವಾಸನೆಯನ್ನು ಮಿದುಳು ರುಚಿಯ ಲೆಕ್ಕಕ್ಕೆ ಬರೆದುಕೊಂಡಿತು.

1990ರ ದಶಕದಲ್ಲಿ ಆಸ್ಟ್ರೇಲಿಯಾದ ಮನಃಶಾಸ್ತ್ರಜ್ಞ ರಿಚರ್ಡ್ ಸ್ಟೀವನ್‌ಸನ್ ಮತ್ತು ಸಂಗಡಿಗರು ಇದನ್ನು ಪ್ರಯೋಗಕ್ಕೆ ಇಳಿಸಿದರು. ಜನಕ್ಕೆ ಅಷ್ಟಾಗಿ ಪರಿಚಯವಿಲ್ಲದ ಕೆಲವು ವಾಸನೆಗಳನ್ನು ಆಯ್ದು, ಒಂದನ್ನು ಸಕ್ಕರೆ ನೀರಿನ ಜೊತೆಗೂ ಇನ್ನೊಂದನ್ನು ಹುಳಿ ನೀರಿನ ಜೊತೆಗೂ ಮತ್ತೆ ಮತ್ತೆ ಕುಡಿಸಿದರು. ಆಮೇಲೆ ವಾಸನೆಯನ್ನಷ್ಟೇ ಕೊಟ್ಟು ಕೇಳಿದಾಗ, ಸಕ್ಕರೆಯ ಜೊತೆ ಬಂದಿದ್ದ ವಾಸನೆ ಸಿಹಿಯಾಗಿದೆ ಎಂದೂ ಹುಳಿಯ ಜೊತೆ ಬಂದಿದ್ದದ್ದು ಹುಳಿಯಾಗಿದೆ ಎಂದೂ ಜನ ಹೇಳಿದರು. ವಾಸನೆಯ ಸಿಹಿ ಬಹುಮಟ್ಟಿಗೆ ಕಲಿತದ್ದು. ಅಂದಮೇಲೆ ನಮ್ಮ ಕಲಿಕೆ ಎಷ್ಟು ಹಳೆಯದು ನೋಡಿ. ಊಟದ ಕೊನೆಗೆ ಸಕ್ಕರೆ ಬೆರೆಸಿದ ಬಡೇಸೋಪು, ಜಾತ್ರೆಯಲ್ಲಿ ಬಣ್ಣದ ಸಕ್ಕರೆ ಹೊದ್ದ ಸೋಂಪು, ಸಿಹಿ ಪಾನಿನೊಳಗೆ ಮತ್ತೆ ಸೋಂಪು. ಹೀಗೆ ಬೆಳೆದ ಮಿದುಳಿಗೆ ಆ ವಾಸನೆ ಬಂದರೆ ಸಾಕು, ಸಿಹಿಯ ಅರ್ಧ ದಾರಿ ತಾನೇ ನಡೆಯುತ್ತದೆ. ಸಕ್ಕರೆಯನ್ನು ಪೂರ್ತಿ ಬಿಡಲು ಇದು ಸಾಲದು, ಅರ್ಧದಷ್ಟು ಇಳಿಸಲು ಸಾಕು ಎಂಬುದು ನನ್ನ ಅನುಭವದ ಮಾತು. ಕಡಿಮೆ ಕಾರ್ಬ್ ಬಿಸ್ಕತ್ತಿಗೆ ಏಲಕ್ಕಿಗಿಂತ ಬಡೇಸೋಪನ್ನು ನಾನು ಮೇಲೆ ಇಡುವುದು ಇದಕ್ಕಾಗಿ.

ಸೋಂಪಿಗೂ ಬಿಸ್ಕತ್ತಿಗೂ ನಂಟು ಹಳೆಯದು. ಕ್ರಿಸ್ತಪೂರ್ವ ಎರಡನೇ ಶತಮಾನದ ರೋಮನ್ ಲೇಖಕ ಕ್ಯಾಟೋ ಬರೆದ ಬೇಸಾಯದ ಕೈಪಿಡಿಯಲ್ಲಿ ಹಿಟ್ಟು, ದ್ರಾಕ್ಷಿರಸ, ಸಣ್ಣ ಸೋಂಪು, ಜೀರಿಗೆ ಕಲಸಿ ಎಲೆಯ ಮೇಲಿಟ್ಟು ಬೇಯಿಸುವ ಸಣ್ಣ ಕೇಕಿನ ವಿಧಾನವಿದೆ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ 1989ರಲ್ಲಿ ‘ಬಿಸ್ಕೊಚಿಟೊ’ ಎಂಬ ಸಣ್ಣ ಸೋಂಪಿನ ಬಿಸ್ಕತ್ತನ್ನು ತನ್ನ ಅಧಿಕೃತ ಬಿಸ್ಕತ್ತೆಂದು ಘೋಷಿಸಿತು. ನಮ್ಮ ಕಡೆ ಇದಕ್ಕೆ ಹತ್ತಿರದ್ದು ನಾನ್‌ಖಟಾಯಿ. ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ಮೈದಾ, ಡಾಲ್ಡಾ, ಸಕ್ಕರೆ ಕಟ್ಟಿಕೊಂಡು ಬೇಕರಿಗೆ ಹೋಗಿ, ಭಟ್ಟಿಯಲ್ಲಿ ಬೇಯಿಸಿಕೊಂಡು, ಡಬ್ಬಿ ತುಂಬ ಬಿಸ್ಕತ್ತು ತರುವ ರೂಢಿ ಬಹಳ ಕಾಲ ಇತ್ತು. ಮನೆಯಲ್ಲಿ ಭಟ್ಟಿ ಇರಲಿಲ್ಲ ನಿಜ. ಆದರೆ ಬಿಸ್ಕತ್ತಿನ ತತ್ವ ಈ ನೆಲಕ್ಕೆ ಹೊಸದಲ್ಲ. ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ ಮಾಡುವವರು ಹಂಚಿನ ಮೇಲೆ ಒಮ್ಮೆ ಬೇಯಿಸಿ, ಆಮೇಲೆ ಕೆಂಡದ ಕಾವಿಗೆ ಒಡ್ಡಿ ನೀರನ್ನೆಲ್ಲ ಹೊರಡಿಸುತ್ತಾರೆ. ನೀರಿಲ್ಲದ ಕಡೆ ಬೂಸ್ಟು ಬೆಳೆಯದು, ತಿಂಗಳಾದರೂ ಗರಿಗರಿ ಹೋಗದು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ದಿನಗಳ ಮೊದಲೇ ಬಂದು ಸೇರಲು ಸಾಧ್ಯವಾಗಿರುವುದು ಈ ಒಣಗಿಸುವ ವಿದ್ಯೆಯಿಂದ.

ಮೊದಲು ಮಾಮೂಲಿ ಬಿಸ್ಕತ್ತು ಮಾಡಿ ನೋಡೋಣ. ಯಾವುದು ಏನು ಮಾಡುತ್ತದೆ ಎಂದು ತಿಳಿಯದೆ ತೆಗೆಯಲು ಹೋದರೆ ಎಲ್ಲ ಕುಸಿಯುತ್ತದೆ. ಮೈದಾ 200 ಗ್ರಾಂ, ಸಣ್ಣ ರವಾ 25, ಸೋಂಪು ನೆನೆದ ತುಪ್ಪ ಅಥವಾ ಡಾಲ್ಡಾ 110, ಪುಡಿ ಸಕ್ಕರೆ 90, ಒಂದು ಚಿಟಿಕೆ ಉಪ್ಪು, ಚಮಚದ ಎಂಟನೇ ಒಂದು ಭಾಗ ಅಡುಗೆ ಸೋಡಾ, ಸೋಡಾಕ್ಕೆ ಹುಳಿ ಕೊಡಲು ಒಂದು ಚಮಚ ಮೊಸರು. ತುಪ್ಪ ಗಟ್ಟಿಯಾಗಿರಬೇಕು. ಅದನ್ನೂ ಸಕ್ಕರೆಯನ್ನೂ ಬೆಳ್ಳಗಾಗುವವರೆಗೆ ತಿಕ್ಕಿ, ಆಮೇಲೆ ಹಿಟ್ಟು ಸೇರಿಸಿ, ಕೂಡಿಕೊಳ್ಳುವಷ್ಟು ಮಾತ್ರ ಕಲಸಬೇಕು. ಚಪಾತಿಯಂತೆ ನಾದಬಾರದು. ನಾದಿದರೆ ಗೋಧಿಯ ಎರಡು ಪ್ರೋಟೀನುಗಳು ನೀರಿನೊಡನೆ ಹೆಣೆದುಕೊಂಡು ಗ್ಲುಟನ್ ಬಲೆಯಾಗುತ್ತದೆ, ಬಿಸ್ಕತ್ತು ಕಲ್ಲಾಗುತ್ತದೆ. ತುಪ್ಪ ಹಿಟ್ಟಿನ ಕಣಗಳನ್ನು ಮುಚ್ಚಿ ನೀರು ತಾಗದಂತೆ ತಡೆಯುತ್ತದೆ. ಬಿಸ್ಕತ್ತಿನ ಪುಡಿಪುಡಿಯಾದ ಮೃದುತನ ಬರುವುದು ಹೀಗೆ.

ಶಾಖ ತಾಗಿದಾಗ ಏನೇನಾಗುತ್ತದೆ? 35-40 ಡಿಗ್ರಿಯ ಹೊತ್ತಿಗೆ ತುಪ್ಪ ಕರಗಿ ಉಂಡೆ ಅಗಲವಾಗತೊಡಗುತ್ತದೆ. ಬೇಸಿಗೆಯಲ್ಲಿ ನಮ್ಮ ಅಡುಗೆಮನೆಯೇ ಅಷ್ಟು ಬಿಸಿ, ತುಪ್ಪ ಒಲೆ ಹತ್ತುವ ಮೊದಲೇ ಕರಗಿರುತ್ತದೆ. ಉಂಡೆಗಳನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ನೇರವಾಗಿ ಒಳಗೆ ತಳ್ಳಿದರೆ ಅವು ಹಪ್ಪಳದಂತೆ ಹರಡುವುದಿಲ್ಲ. ಹೆಚ್ಚು ಬಿಸಿಗೆ ಕರಗುವ ಡಾಲ್ಡಾವನ್ನು ಬೇಕರಿಯವರು ಮೆಚ್ಚಿದ್ದಕ್ಕೂ ಇದೇ ಕಾರಣ. ರುಚಿಯಲ್ಲಿಯೂ ಆರೋಗ್ಯದಲ್ಲಿಯೂ ನಾನು ತುಪ್ಪದ ಕಡೆ. ಮುಂದೆ ಸೋಡಾ ಮೊಸರಿನ ಹುಳಿ ಕೂಡಿ ಅನಿಲದ ಗುಳ್ಳೆ ಏಳುತ್ತವೆ. ನೂರು ಡಿಗ್ರಿಯ ಬಳಿ ನೀರು ಹಬೆಯಾಗಿ ಹೊರಡುತ್ತದೆ, ನೀರಿರುವ ತನಕ ಒಳಗಿನ ಬಿಸಿ ಅದಕ್ಕಿಂತ ಹೆಚ್ಚು ಏರುವುದಿಲ್ಲ. ಮೇಲ್ಮೈ ಒಣಗಿದ ಮೇಲಷ್ಟೇ ಅಲ್ಲಿನ ಉಷ್ಣತೆ ಏರಿ, ಸಕ್ಕರೆಯೂ ಪ್ರೋಟೀನೂ ಕೂಡಿ ಕಂದು ಬಣ್ಣ, ಹುರಿದ ಪರಿಮಳ ಹುಟ್ಟುತ್ತವೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮಯ್ಯಾರ್ ವಿವರಿಸಿದ ಕ್ರಿಯೆ ಇದು. ಸಕ್ಕರೆ ಇಲ್ಲಿ ಸಿಹಿಗೆ ಮಾತ್ರ ಇಲ್ಲ. ಇರುವ ಸ್ವಲ್ಪ ನೀರನ್ನೂ ತಾನೇ ಹಿಡಿದುಕೊಂಡು ಪಿಷ್ಟ ಬೇಯದಂತೆ ಮಾಡುತ್ತದೆ. ಬಿಸ್ಕತ್ತನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಿಷ್ಟದ ಕಣಗಳು ಬಹುತೇಕ ಹಸಿಯಾಗಿಯೇ ಉಳಿದಿರುತ್ತವೆ. ಕರಗಿದ ಸಕ್ಕರೆ ತಣಿದಾಗ ಗಾಜಿನಂತೆ ಗಟ್ಟಿಯಾಗಿ ಎಲ್ಲವನ್ನೂ ಅಂಟಿಸುತ್ತದೆ. ಬಿಸಿಯಿರುವಾಗ ಮೆತ್ತಗಿದ್ದ ಬಿಸ್ಕತ್ತು ಆರಿದ ಮೇಲೆ ಗರಿಗರಿಯಾಗುವುದು ಈ ಗಾಜಿನಿಂದ.

ಓವನ್ ಇಲ್ಲದವರಿಗೆ ದಪ್ಪ ತಳದ ಪಾತ್ರೆ ಸಾಕು. ಹಳೆಯ ಕುಕ್ಕರ್ ಆದರೆ ಗ್ಯಾಸ್ಕೆಟ್ ಮತ್ತು ಸೀಟಿ ಕಡ್ಡಾಯವಾಗಿ ತೆಗೆದಿರಬೇಕು, ನೀರು ಹಾಕಬಾರದು. ತಳದಲ್ಲಿ ಒಂದಂಗುಲ ಉಪ್ಪು ಅಥವಾ ಶುಚಿಯಾದ ಮರಳು ಹರಡಿ, ಅದರ ಮೇಲೆ ಉಂಗುರ, ಉಂಗುರದ ಮೇಲೆ ತಟ್ಟೆ. ಮರಳು ಉರಿಯ ಏರಿಳಿತವನ್ನು ನುಂಗಿ ಕಾವನ್ನು ಸಮ ಮಾಡುತ್ತದೆ. ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ, ಆಮೇಲೆ ಸಣ್ಣ ಉರಿ. ಬಿಸಿ ಎಷ್ಟಿದೆ ಎಂದು ತಿಳಿಯಲು ಸಕ್ಕರೆಯೇ ಥರ್ಮಾಮೀಟರ್. ಸಣ್ಣ ಬಟ್ಟಲಲ್ಲಿ ಒಂದು ಚಮಚ ಸಕ್ಕರೆ ಇಟ್ಟು ಕಾಲು ಗಂಟೆ ಮುಚ್ಚಿಡಿ. ಸಕ್ಕರೆ ಕರಗುವುದು 186 ಡಿಗ್ರಿಯ ಆಸುಪಾಸಿನಲ್ಲಿ. ಕರಗಿದ್ದರೆ ಒಳಗಿನ ಬಿಸಿ ಬಿಸ್ಕತ್ತಿಗೆ ಹೆಚ್ಚಾಯಿತು, ಉರಿ ತಗ್ಗಿಸಬೇಕು. ಓವನ್ನಿನಲ್ಲಿ 15-18 ನಿಮಿಷ, ಕುಕ್ಕರಿನಲ್ಲಿ ತುಸು ಹೆಚ್ಚು. ಅಂಚು ಹೊಂಬಣ್ಣಕ್ಕೆ ತಿರುಗಿದರೆ ತೆಗೆಯಬೇಕು.

‘ಅಕ್ಕಾರ, ಶುಗರ್ ಇದ್ದವರು ಇದನ್ನ ತಿನಬಹುದೇನ್ರಿ?’ ಬಿಸ್ಕತ್ತಿನ ತಟ್ಟೆ ಹೊರಗೆ ಬಂದ ಕೂಡಲೆ ಈಗ ಎಲ್ಲ ಮನೆಗಳಲ್ಲೂ ಏಳುವ ಪ್ರಶ್ನೆ ಇದು. ಏಳಬೇಕಾದ ಪ್ರಶ್ನೆಯೇ. 2023ರ ಜೂನ್‌ನಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ ಇದೆಯೆಂದೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಿತು. ಮೇಲಿನ ಲೆಕ್ಕದಲ್ಲಿ ಮೂವತ್ತು ಬಿಸ್ಕತ್ತು ಕಟ್ಟಿದರೆ ಒಂದೊಂದರಲ್ಲಿ ಸುಮಾರು ಎಂಟೂವರೆ ಗ್ರಾಂ ಕಾರ್ಬೋಹೈಡ್ರೇಟ್. ಚಹಾದ ಜೊತೆ ನಾಲ್ಕು ಎತ್ತಿಕೊಂಡರೆ 34 ಗ್ರಾಂ. ಅದರಲ್ಲಿ ಸಕ್ಕರೆಯ ಪಾಲು ಮೂರನೇ ಒಂದಷ್ಟೇ, ಉಳಿದದ್ದೆಲ್ಲ ಮೈದಾ ಮತ್ತು ರವೆಯ ಪಿಷ್ಟ. ಪಿಷ್ಟವೆಂದರೆ ಗ್ಲೂಕೋಸಿನ ಉದ್ದನೆಯ ಸರಪಳಿ, ಕರುಳಿನಲ್ಲಿ ಬಿಡಿಬಿಡಿಯಾಗಿ ರಕ್ತಕ್ಕೆ ಸೇರುತ್ತದೆ. ‘ಶುಗರ್ ಫ್ರೀ’ ಎಂದು ಬರೆದ ಪೊಟ್ಟಣ ಎತ್ತಿಕೊಳ್ಳುವ ಪ್ರತಿಯೊಬ್ಬರಿಗೂ ಈ ಒಂದು ಮಾತನ್ನು ನಾನು ಕೂಗಿ ಹೇಳಬೇಕೆನ್ನಿಸುತ್ತದೆ. ಸಕ್ಕರೆ ತೆಗೆದರೂ ಮೈದಾ ಅಲ್ಲೇ ಇದೆ.

ಸಿರಿಧಾನ್ಯದ ವಿಷಯದಲ್ಲೂ ಇಷ್ಟೇ ನೇರವಾಗಿ ಮಾತಾಡಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಸಜ್ಜೆ ಬಿಸ್ಕತ್ತು, ಜೋಳದ ಬಿಸ್ಕತ್ತು, ನವಣೆ ಬಿಸ್ಕತ್ತು ಎಲ್ಲೆಡೆ ಕಾಣುತ್ತಿವೆ. ಒಳ್ಳೆಯದೇ. ಜೋಳ ಸಜ್ಜೆಗಳಲ್ಲಿ ಗ್ಲುಟನ್ ಇಲ್ಲ. ರೊಟ್ಟಿ ಬಡಿಯುವವರು ಕುದಿನೀರು ಹಾಕಿ ಪಿಷ್ಟವನ್ನು ಬೇಯಿಸಿ ಜಿಗುಟು ತರಿಸುವುದು ಆ ಕೊರತೆ ತುಂಬಲಿಕ್ಕೆ. ಬಿಸ್ಕತ್ತಿಗಾದರೆ ಗ್ಲುಟನ್ ಬೇಕೇ ಇಲ್ಲ, ಹಾಗಾಗಿ ಮೈದಾದ ಬದಲು ಸಜ್ಜೆ ಹಿಟ್ಟು ಹಾಕಿದರೆ ಕಟ್ಟಡಕ್ಕೆ ದೊಡ್ಡ ಧಕ್ಕೆ ಇಲ್ಲ. ನಾರು, ಕಬ್ಬಿಣ, ರುಚಿ ಹೆಚ್ಚು. ಹಿಟ್ಟು ಮಾತ್ರ ಹೊಸದಾಗಿ ಬೀಸಿಸಿದ್ದಿರಬೇಕು. ಸಜ್ಜೆಯ ಎಣ್ಣೆಯನ್ನು ಒಡೆಯುವ ಕಿಣ್ವ ಬೀಸಿದ ಕೂಡಲೆ ಕೆಲಸ ಶುರು ಮಾಡಿ ಕೆಲವೇ ದಿನಗಳಲ್ಲಿ ಕಹಿ ಕಮಟು ತರಿಸುತ್ತದೆ. ಆದರೆ ಇದು ಕಡಿಮೆ ಕಾರ್ಬ್ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ಮೈದಾದಲ್ಲಿ ಸುಮಾರು 74 ಗ್ರಾಂ ಕಾರ್ಬೋಹೈಡ್ರೇಟ್, ಜೋಳದಲ್ಲಿ 68, ಗೋಧಿ ಹಿಟ್ಟಿನಲ್ಲಿ 64, ಸಜ್ಜೆಯಲ್ಲಿ 62. ಶೇಂಗಾದಲ್ಲಿ 17. ನಿಜವಾದ ಇಳಿತ ಎಲ್ಲಿದೆ ಎಂದು ಈ ಕೊನೆಯ ಅಂಕಿಯೇ ತೋರಿಸುತ್ತದೆ. ಶೇಂಗಾದ ಗಿಡ ತನ್ನ ಮರಿಗೆ ಕಟ್ಟಿಕೊಡುವ ಬುತ್ತಿಯಲ್ಲಿ ಪಿಷ್ಟ ಕಡಿಮೆ, ಎಣ್ಣೆಯೂ ಪ್ರೋಟೀನೂ ಹೆಚ್ಚು. ಎಳ್ಳು, ಅಗಸಿ, ಒಣಕೊಬ್ಬರಿಗಳೂ ಎಣ್ಣೆಯ ಕಣಜಗಳೇ. ಪುಟಾಣಿ ಹಿಟ್ಟು ಈ ಗುಂಪಿಗೆ ಸೇರದು, ಅದರಲ್ಲಿ ಅರ್ಧಕ್ಕೂ ಹೆಚ್ಚು ಕಾರ್ಬೋಹೈಡ್ರೇಟ್.

ಕಡಿಮೆ ಕಾರ್ಬ್ ಬಿಸ್ಕತ್ತಿಗೆ ಬೇಕಾದದ್ದು ಇಷ್ಟು: ಹುರಿದು ಸಿಪ್ಪೆ ತೆಗೆದ ಶೇಂಗಾ 150 ಗ್ರಾಂ, ಬಿಳಿ ಎಳ್ಳು 40, ಒಣಕೊಬ್ಬರಿ ತುರಿ 30, ಅಗಸಿ 15, ಸೋಂಪು ನೆನೆದ ತುಪ್ಪ 25, ಪುಡಿ ಸಕ್ಕರೆ 30, ಉಪ್ಪು ಚಿಟಿಕೆ. ಶೇಂಗಾವನ್ನು ಮಿಕ್ಸರಿನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಒಂದೇ ಸಮ ಓಡಿಸಿದರೆ ಬ್ಲೇಡಿನ ಬಿಸಿಗೆ ಎಣ್ಣೆ ಬಿಟ್ಟು ಹಿಟ್ಟಿನ ಬದಲು ಲೇಹ್ಯವಾಗುತ್ತದೆ. ಎಳ್ಳನ್ನು ಅರೆಬರೆ ಪುಡಿ ಮಾಡಿದರೆ ಸಾಕು. ತುಪ್ಪ ಇಷ್ಟು ಕಡಿಮೆ ಯಾಕೆಂದರೆ ಕಾಳುಗಳಲ್ಲೇ ಬೇಕಾದಷ್ಟು ಎಣ್ಣೆ ಇದೆ.

ತೊಂದರೆ ಇರುವುದು ಅಂಟಿನಲ್ಲಿ. ಗ್ಲುಟನ್ ಇಲ್ಲ, ಪಿಷ್ಟ ಕಡಿಮೆ, ಗಾಜಾಗಿ ಹಿಡಿಯಲು ಸಕ್ಕರೆಯೂ ಹೆಚ್ಚಿಲ್ಲ. ಇಲ್ಲಿ ನೆರವಿಗೆ ಬರುವುದು ಉತ್ತರ ಕರ್ನಾಟಕದ ಊಟದಲ್ಲಿ ಹಿಂಡಿಯಾಗಿ ಬಡಿಸಿಕೊಳ್ಳುವ ಅಗಸಿ. ಅದರ ಸಿಪ್ಪೆಯಲ್ಲಿ ನೀರು ಕಂಡರೆ ಉಬ್ಬಿ ಲೋಳೆಯಾಗುವ ನಾರಿದೆ. 15 ಗ್ರಾಂ ಅಗಸಿಯನ್ನು ಹಸಿಯಾಗಿ ಪುಡಿಮಾಡಿ ಮೂರು ದೊಡ್ಡ ಚಮಚ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಮೊಟ್ಟೆಯ ಬಿಳಿಯಂತೆ ಎಳೆಯೆಳೆಯಾಗುತ್ತದೆ. ಅದು ಶೇಂಗಾ ಕಣಗಳನ್ನು ಕಟ್ಟಿಹಾಕುತ್ತದೆ. ನಮ್ಮ ಕರುಳಿನ ಕಿಣ್ವಗಳು ಈ ಲೋಳೆಯನ್ನು ಗ್ಲೂಕೋಸಾಗಿ ಒಡೆಯಲಾರವು, ಆದ್ದರಿಂದ ಕಾರ್ಬ್ ಲೆಕ್ಕಕ್ಕೆ ಬಹುಮಟ್ಟಿಗೆ ಬರುವುದಿಲ್ಲ. ಅಗಸಿಯ ವಾಸನೆ ಒಗ್ಗದವರು ಔಷಧಿ ಅಂಗಡಿಯ ಇಸಬಗೋಲ್ ಹೊಟ್ಟು ಒಂದು ದೊಡ್ಡ ಚಮಚ ಬಳಸಬಹುದು, ಗುಣ ಅದೇ.

ಇಪ್ಪತ್ನಾಲ್ಕು ಉಂಡೆ ಕಟ್ಟಿ, ಅಂಗೈಯಲ್ಲಿ ತಟ್ಟಿ, 140-150 ಡಿಗ್ರಿಯಲ್ಲಿ 20-25 ನಿಮಿಷ ಬೇಯಿಸಬೇಕು. ಬಿಸಿ ಇದಕ್ಕಿಂತ ಹೆಚ್ಚಾಗಬಾರದು. ಶೇಂಗಾ ಆಗಲೇ ಒಮ್ಮೆ ಹುರಿದದ್ದು, ಹೊಂಬಣ್ಣದಿಂದ ಕರಕಲಿಗೆ ಅದು ದಾಟುವುದು ಬಹಳ ಬೇಗ. ಹೊರಗೆ ತೆಗೆದ ಮೇಲೆ ತಟ್ಟೆಯನ್ನು ಅಲುಗಿಸದೆ ಪೂರ್ತಿ ತಣಿಯಲು ಬಿಡಿ. ಬಿಸಿಯಲ್ಲಿ ಮುಟ್ಟಿದರೆ ಮುರಿಯುತ್ತವೆ, ತಣಿದ ಮೇಲೆ ಗಟ್ಟಿಯಾಗಿ ಕೈಗೆ ಬರುತ್ತವೆ. ಮೈದಾ ಬಿಸ್ಕತ್ತಿನ ಟಕ್ಕೆಂಬ ಮುರಿತ ಇದರಲ್ಲಿ ಬರುವುದಿಲ್ಲ. ಶೇಂಗಾ ಉಂಡಿಗೂ ನಾನ್‌ಖಟಾಯಿಗೂ ನಡುವಿನ ಹದ ಇದು. ಹುರಿದ ಶೇಂಗಾದ ಕಟುವಿನ ಮೇಲೆ ಬಡೇಸೋಪು ಕೂತಾಗ ಹುಟ್ಟುವ ರುಚಿ ಬೇರೆಯೇ, ಬಾದಾಮಿ ಹಿಟ್ಟಿನ ಸಪ್ಪೆ ಬಿಸ್ಕತ್ತಿಗಿಂತ ನನಗೆ ಇದು ಹೆಚ್ಚು.

ಒಂದು ಬಿಸ್ಕತ್ತಿಗೆ ಕಾರ್ಬೋಹೈಡ್ರೇಟ್ ಸುಮಾರು ಮೂರು ಗ್ರಾಂ. ಎಂಟೂವರೆಯಿಂದ ಮೂರಕ್ಕೆ ಇಳಿದದ್ದು ದೊಡ್ಡದು. ಜೊತೆಗೇ ಹೇಳಬೇಕಾದ ಇನ್ನೊಂದು ಲೆಕ್ಕವಿದೆ. ಮೈದಾ ಬಿಸ್ಕತ್ತಿನಲ್ಲಿ 70 ಕಿಲೊಕ್ಯಾಲೊರಿ ಇದ್ದರೆ ಈ ಶೇಂಗಾ ಬಿಸ್ಕತ್ತಿನಲ್ಲೂ ಹೆಚ್ಚುಕಡಿಮೆ 70. ಒಂದು ಗ್ರಾಂ ಪಿಷ್ಟ ನಾಲ್ಕು ಕಿಲೊಕ್ಯಾಲೊರಿ ಕೊಟ್ಟರೆ ಒಂದು ಗ್ರಾಂ ಎಣ್ಣೆ ಒಂಬತ್ತು ಕೊಡುತ್ತದೆ. ರಕ್ತದ ಸಕ್ಕರೆ ಒಮ್ಮೆಲೆ ಏರದಿರಲು ಇದು ನೆರವಾಗುತ್ತದೆ, ತೂಕ ಇಳಿಸಲು ತಾನಾಗಿ ನೆರವಾಗುವುದಿಲ್ಲ. ಡಬ್ಬಿ ಬರಿದು ಮಾಡಲು ಇದು ಪರವಾನಗಿ ಎಂದು ಯಾರೂ ತಿಳಿಯಬಾರದು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಊಟದ ಕಾರ್ಬೋಹೈಡ್ರೇಟನ್ನು ಒಮ್ಮೆಲೆ ಕಡಿತ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು, ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಆ 30 ಗ್ರಾಂ ಸಕ್ಕರೆಯನ್ನೂ ಬಿಡಬಹುದೇ? ಬೆಲ್ಲ ಹಾಕಿದರೆ ಬಿಟ್ಟಂತಲ್ಲ, ಬೆಲ್ಲದ ಬಹುಪಾಲು ಸಕ್ಕರೆಯೇ. ಸ್ಟೀವಿಯಾ ಎಲೆಯ ಸಿಹಿಗೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅನುಮತಿ ಕೊಟ್ಟಿದೆ. ಸಕ್ಕರೆಗಿಂತ ಇನ್ನೂರು ಮುನ್ನೂರು ಪಟ್ಟು ಸಿಹಿಯಾದ್ದರಿಂದ ಚಿಟಿಕೆ ಸಾಕು, ಆದರೆ ಚಿಟಿಕೆಗೆ ಗಾತ್ರವಿಲ್ಲ, ಕಂದು ಬಣ್ಣ ತರುವ ಶಕ್ತಿಯಿಲ್ಲ, ಕೊನೆಗೆ ನಾಲಗೆಯ ಮೇಲೆ ಕಹಿ ಉಳಿಸುತ್ತದೆ. ಎರಿಥ್ರಿಟಾಲ್‌ಗೆ ಗಾತ್ರವಿದೆ, ಸಕ್ಕರೆಯ ಮುಕ್ಕಾಲಿಗೆ ಹತ್ತಿರದ ಸಿಹಿಯಿದೆ. ಕರಗುವಾಗ ಶಾಖ ಹೀರುವುದರಿಂದ ಬಾಯಲ್ಲಿ ತಣ್ಣಗಾಗುತ್ತದೆ. ಪುದೀನಕ್ಕೆ ಹೊಂದುವ ಆ ತಂಪು ಹುರಿದ ಶೇಂಗಾಕ್ಕೆ ಹೊಂದದು, ಸೋಂಪಿನ ಜೊತೆ ಮಾತ್ರ ಪರವಾಗಿಲ್ಲ ಅನ್ನಿಸುತ್ತದೆ. 2023ರಲ್ಲಿ ಬಂದ ಒಂದು ಅಧ್ಯಯನ ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡಿತು. ಸಂಬಂಧ ಕಂಡಿದೆ, ಅದೇ ಕಾರಣವೆಂದು ಸಾಬೀತಾಗಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸ್ಟೀವಿಯಾ ಸೇರಿದಂತೆ ಸಕ್ಕರೆಯಲ್ಲದ ಸಿಹಿಕಾರಕಗಳನ್ನು ತೂಕ ನಿಯಂತ್ರಣದ ದಾರಿಯಾಗಿ ಬಳಸಬೇಡಿ ಎಂದು ಸಲಹೆ ಮಾಡಿತು. ಇವೆಲ್ಲ ನೋಡಿದ ಮೇಲೆ ನನ್ನ ಒಲವು ಇಷ್ಟು: ಸಕ್ಕರೆಯನ್ನೇ ಕಡಿಮೆ ಹಾಕಿ ಸೋಂಪನ್ನು ಧಾರಾಳವಾಗಿ ಹಾಕುವುದು, ನಾಲಗೆಯನ್ನು ಕಡಿಮೆ ಸಿಹಿಗೆ ಒಗ್ಗಿಸುವುದು. 30 ಗ್ರಾಂ ಸಕ್ಕರೆ 24 ಬಿಸ್ಕತ್ತಿಗೆ ಹಂಚಿದಾಗ ಒಂದಕ್ಕೆ ಒಂದೂಕಾಲು ಗ್ರಾಂ ಆಗುತ್ತದೆ, ಬಣ್ಣಕ್ಕೂ ಅಂಟಿಗೂ ಅದು ನೆರವಾಗುತ್ತದೆ.

ಶೇಂಗಾ ಆರಿಸುವಾಗ ಕಣ್ಣು ಚುರುಕಾಗಿರಲಿ. ಸುಕ್ಕಿದ, ಬಣ್ಣಗೆಟ್ಟ, ಬೂಸ್ಟು ಹಿಡಿದ ಕಾಳಿನಲ್ಲಿ ಅಫ್ಲಟಾಕ್ಸಿನ್ ಎಂಬ ಶಿಲೀಂಧ್ರದ ವಿಷ ಇರಬಹುದು. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವಂಥದ್ದು, ಮನೆಯ ಹುರಿಯುವಿಕೆಗೂ ಬೇಯಿಸುವಿಕೆಗೂ ಪೂರ್ತಿ ನಾಶವಾಗುವುದಿಲ್ಲ. ಕಟಾವಿನ ಹೊತ್ತಿಗೆ ಮಳೆ ಹಿಡಿದು ಕಾಯಿ ಸರಿಯಾಗಿ ಒಣಗದ ವರ್ಷ ಇನ್ನಷ್ಟು ಎಚ್ಚರ ಬೇಕು. ಅಗ್ಗಕ್ಕೆ ಸಿಗುತ್ತದೆಂದು ದನದ ಮೇವಿನ ಶೇಂಗಾ ಹಿಂಡಿಯನ್ನು ಬಿಸ್ಕತ್ತಿಗೆ ಬಳಸಲೇಬಾರದು, ಆರಿಸದೆ ಹಿಂಡಿದ ಕಾಳಿನ ವಿಷ ಎಣ್ಣೆಗಿಂತ ಹೆಚ್ಚಾಗಿ ಅದರಲ್ಲೇ ಉಳಿಯುತ್ತದೆ.

ಡಬ್ಬಿಗೆ ತುಂಬುವುದು ಪೂರ್ತಿ ತಣಿದ ಮೇಲೆ. ಮೈದಾ ಬಿಸ್ಕತ್ತಿನ ವೈರಿ ತೇವ. ಬೇಸಿಗೆಯ ಒಣಗಾಳಿಯಲ್ಲಿ ವಾರಗಟ್ಟಲೆ ಗರಿಗರಿ ಇರುವ ಅದು ಆಗಸ್ಟಿನಲ್ಲಿ ಡಬ್ಬಿ ತೆರೆದಿಟ್ಟರೆ ಸಂಜೆಯೊಳಗೆ ಮೆತ್ತಗಾಗುತ್ತದೆ. ಹತ್ತು ನಿಮಿಷ ಮತ್ತೆ ಕಾಯಿಸಿದರೆ ಸರಿಹೋಗುತ್ತದೆ. ಶೇಂಗಾ ಬಿಸ್ಕತ್ತಿನ ವೈರಿಗಳು ಗಾಳಿ, ಬೆಳಕು, ಬಿಸಿ. ಅದರ ಎಣ್ಣೆ ಆಮ್ಲಜನಕದೊಡನೆ ಕೂಡಿ ಕಮಟಾದರೆ ಯಾವ ಕಾವೂ ಅದನ್ನು ಮರಳಿ ತರಲಾರದು. ಅಗಸಿಯ ಎಣ್ಣೆ ಇನ್ನೂ ಬೇಗ ಕೆಡುತ್ತದೆ. ಈ ಬಿಸ್ಕತ್ತನ್ನು ಸ್ಟೀಲ್ ಡಬ್ಬಿಯಲ್ಲಿ ಅಂಚಿನವರೆಗೆ ತುಂಬಿ, ಬೇಸಿಗೆಯಾದರೆ ಫ್ರಿಜ್‌ನಲ್ಲಿಟ್ಟು, ಹತ್ತು ದಿನದೊಳಗೆ ಮುಗಿಸಬೇಕು.